ಓದುಗರೊಂದಿಗೆ: ಆಟ, ಹಾಡು ಮತ್ತು ಹಾಜರಾತಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪದವಿ ತರಗತಿಗಳ ವಿದ್ಯಾರ್ಥಿಗಳವು ಮತ್ತು ಅವರ ತಂದೆ ತಾಯಂದಿರವು. ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಕ್ರೀಡಾ ಸಮಿತಿ ಮತ್ತು ಸಾಂಸ್ಕೃತಿಕ ಸಮಿತಿಗಳ ಕೆಲಸವನ್ನೂ ಹೊತ್ತು, ತಂಡಗಳ ಜೊತೆ ರೈಲಿನಲ್ಲಿ ತಿರುಗಾಡಿದವನಾದ್ದರಿಂದ ಈ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

*ನನ್ನ ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ವಿಶ್ವವಿದ್ಯಾನಿಲಯದ ಖೋ ಖೋ ತಂಡಕ್ಕೆ ಆಯ್ಕೆಯಾದಳು. ಶಿಬಿರ, ಪ್ರಯಾಣ, ಪಂದ್ಯಾವಳಿ ಎಲ್ಲ ಸೇರಿ ಹದಿನೆಂಟು ದಿನ ತರಗತಿಗೆ ಹೋಗಲಿಲ್ಲ. ಈಗ ಹಾಜರಾತಿ ಕಡಿಮೆ ಇರುವವರ ಪಟ್ಟಿಯಲ್ಲಿ ಅವಳ ಹೆಸರನ್ನು ಸೂಚನಾ ಫಲಕಕ್ಕೆ ಹಾಕಿದ್ದಾರೆ, ಒಂದು ಆಂತರಿಕ ಪರೀಕ್ಷೆಯೂ ತಪ್ಪಿದೆ. ಖೋ ಖೋ ಆಡಿ ಏನು ಸಿಗುತ್ತದೆ ಎಂದು ಮನೆಯಲ್ಲಿ ಕೇಳುತ್ತಾರೆ. ಆಟ ಬಿಡಿಸಿಬಿಡಲೇ?*
— ಒಬ್ಬ ತಾಯಿ, ನಂಜನಗೂಡು

ಬಿಡಿಸಬೇಡಿ ತಾಯಿ. ನಿಮ್ಮ ಮಗಳ ಆಟದಲ್ಲಿ ತಪ್ಪಿಲ್ಲ, ತಪ್ಪಿದ್ದು ಕಾಗದದಲ್ಲಿ. ಅದನ್ನು ಇನ್ನೂ ಸರಿಪಡಿಸಬಹುದು.

ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಹಾಜರಾತಿ ಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆ. ವಿಶ್ವವಿದ್ಯಾನಿಲಯವನ್ನೇ ಪ್ರತಿನಿಧಿಸಲು ಹೋದವರಿಗೆ ಆ ದಿನಗಳ ಮಟ್ಟಿಗೆ ರಿಯಾಯಿತಿ ಕೊಡುವ ಪದ್ಧತಿಯೂ ಇದೆ. ಎಷ್ಟು ದಿನ, ಯಾರ ಸಹಿಯ ಮೇಲೆ ಎಂಬುದು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ರೀತಿ. ಆದರೆ ಈ ರಿಯಾಯಿತಿ ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗದವರು ಶಿಬಿರದ ದಿನಾಂಕ, ಪಂದ್ಯದ ದಿನಾಂಕ, ಪ್ರಯಾಣದ ದಿನಗಳನ್ನು ನಮೂದಿಸಿ ಕೊಡುವ ಪತ್ರ ಪ್ರಾಂಶುಪಾಲರ ಮೇಜಿಗೆ ಬಂದು, ಅಲ್ಲಿಂದ ಪ್ರತಿ ವಿಷಯದ ಅಧ್ಯಾಪಕರ ಹಾಜರಿ ಪುಸ್ತಕಕ್ಕೆ ಇಳಿಯಬೇಕು. ಈ ಮೂರು ಮೆಟ್ಟಿಲಲ್ಲಿ ಮೂರನೆಯದೇ ಹೆಚ್ಚಾಗಿ ತಪ್ಪುವುದು, ಏಕೆಂದರೆ ಪತ್ರ ಕಚೇರಿಯ ಫೈಲಿನಲ್ಲಿ ಉಳಿದುಬಿಡುತ್ತದೆ, ಅಧ್ಯಾಪಕರಿಗೆ ಹುಡುಗಿ ಎಲ್ಲಿಗೆ ಹೋಗಿದ್ದಳೆಂಬುದೇ ತಿಳಿದಿರುವುದಿಲ್ಲ.

ಒಮ್ಮೆ ನಾನು ಮ್ಯಾನೇಜರ್ ಆಗಿ ಹೋಗಿದ್ದ ತಂಡದ ಹುಡುಗಿಯೊಬ್ಬಳು ಈ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಶೂ ಚೀಲದಲ್ಲಿ ಇಟ್ಟುಕೊಂಡಿದ್ದಳು. ಊರಿಗೆ ಮರಳಿದಾಗ ಅದು ಒದ್ದೆಯಾಗಿ, ಮೊಹರಿನ ನೇರಳೆ ಶಾಯಿ ಹರಡಿ, ಸಹಿ ಯಾರದೆಂದು ಓದಲಾಗದಂತಿತ್ತು. ಕಚೇರಿಯ ಗುಮಾಸ್ತರು ಅದನ್ನು ತುದಿ ಬೆರಳಲ್ಲಿ ಹಿಡಿದು ನನ್ನ ಮುಖ ನೋಡಿದ್ದನ್ನು ಮರೆತಿಲ್ಲ. ಅಂದಿನಿಂದ ಪತ್ರದ ಮೂರು ಪ್ರತಿಗಳನ್ನು ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದನ್ನು ತರಗತಿಯ ಅಧ್ಯಾಪಕರಿಗೆ ಕೈಯಾರೆ ಕೊಟ್ಟು, ಮೂರನೆಯದರ ಮೇಲೆ ಕಚೇರಿಯವರಿಂದ 'ಸ್ವೀಕರಿಸಿದೆ' ಎಂದು ಮೊಹರು ಹಾಕಿಸಿಕೊಂಡು ಮನೆಯಲ್ಲಿ ಇಡಬೇಕೆಂದು ಎಲ್ಲ ಆಟಗಾರರಿಗೂ ಹೇಳುತ್ತಿದ್ದೆ. ನಿಮ್ಮ ಮಗಳೂ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರವನ್ನು ಮತ್ತೆ ಪಡೆದು, ಇದೇ ವಾರ ಹೀಗೆಯೇ ಮಾಡಲಿ. ತಪ್ಪಿದ ಆಂತರಿಕ ಪರೀಕ್ಷೆಯನ್ನು ಬೇರೆ ದಿನ ನಡೆಸಿಕೊಡಬೇಕೆಂದು ಅದರ ಜೊತೆಗೇ ಪ್ರತ್ಯೇಕ ಅರ್ಜಿ ಕೊಡಲಿ. ಬಾಯಿ ಮಾತಿನಲ್ಲಿ ಕೇಳಿದರೆ 'ನೋಡೋಣ' ಎಂಬ ಉತ್ತರ ಬರುತ್ತದೆ. ಅರ್ಜಿಗೆ ಉತ್ತರ ಬರೆಯಲೇಬೇಕಾಗುತ್ತದೆ.

ಇನ್ನು, ಖೋ ಖೋ ಆಡಿ ಏನು ಸಿಗುತ್ತದೆ ಎಂಬ ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ನಮ್ಮ ಮಹಿಳಾ ತಂಡ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ನಿಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಎಲ್ಲರೂ ಚೈತ್ರಾ ಆಗುವುದಿಲ್ಲ ಎಂಬುದು ನಿಜ. ಆದರೆ ಎಲ್ಲರಿಗೂ ಸಿಗುವ ಒಂದು ವಸ್ತು ಇದೆ, ಅದರ ಬಗ್ಗೆ ಆಡುವ ಮಕ್ಕಳಿಗೇ ತಿಳಿದಿರುವುದಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಬೇಕಾದ ಪ್ರಮಾಣಪತ್ರಗಳಲ್ಲಿ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯಲ್ಲಿ ಆಡಿದವರಿಗೆಂದೇ 'ನಮೂನೆ 3' ಎಂಬುದೊಂದಿದೆ. ಅದಕ್ಕೆ ವಿಶ್ವವಿದ್ಯಾನಿಲಯದ ಕ್ರೀಡಾ ಮುಖ್ಯಸ್ಥರ ಸಹಿ ಬೇಕು. ಓದು ಮುಗಿದು ನಾಲ್ಕು ವರ್ಷವಾದ ಮೇಲೆ, ಅಧಿಕಾರಿಗಳು ಬದಲಾಗಿ, ಹಳೆಯ ಕಡತಗಳು ಉಗ್ರಾಣ ಸೇರಿದ ಮೇಲೆ ಆ ಸಹಿಗಾಗಿ ಅಲೆಯುವವರನ್ನು ನಾನು ನೋಡಿದ್ದೇನೆ. ನಿಮ್ಮ ಮಗಳು ಆಡಿದ ವರ್ಷವೇ ಅದನ್ನು ಬರೆಸಿ ಇಟ್ಟುಕೊಳ್ಳಲಿ.

*ನಾನು ಆರು ವರ್ಷ ಕರ್ನಾಟಕ ಶಾಸ್ತ್ರೀಯ ಸಂಗೀತ ಕಲಿತಿದ್ದೇನೆ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಚಿತ್ರಗೀತೆಗಳನ್ನೂ ಹಾಡುತ್ತೇನೆ. ಕಾಲೇಜಿನಿಂದ ಯುವಜನೋತ್ಸವಕ್ಕೆ ನನ್ನ ಹೆಸರು ಕೊಟ್ಟಿದ್ದಾರೆ. ಸುಗಮ ಸಂಗೀತಕ್ಕೆ ನಿಲ್ಲಲೇ, ಶಾಸ್ತ್ರೀಯಕ್ಕೆ ನಿಲ್ಲಲೇ? ಏನು ಹಾಡಲಿ?*
— ಬಿ.ಎಸ್ಸಿ. ವಿದ್ಯಾರ್ಥಿ, ತಿಪಟೂರು

ಮೊದಲು ನಿಯಮವನ್ನು ತಿಳಿದುಕೊಳ್ಳಿ. ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವದ ಸುಗಮ ಗಾಯನ ವಿಭಾಗದಲ್ಲಿ ಚಿತ್ರಗೀತೆಗೆ ಅವಕಾಶವಿಲ್ಲ. ಭಾವಗೀತೆ, ವಚನ, ದಾಸರ ಪದ, ಭಜನೆ, ಗಜಲ್ ಇವು ನಡೆಯುತ್ತವೆ. ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ತುಂಬ ಚೆನ್ನಾಗಿ ಚಿತ್ರಗೀತೆಯೊಂದನ್ನು ಹಾಡಿ, ಚಪ್ಪಾಳೆಯನ್ನೂ ಗಿಟ್ಟಿಸಿ, ಅಂಕಪಟ್ಟಿಯಲ್ಲಿ ಸೊನ್ನೆ ಪಡೆದು ಅಳುತ್ತ ಹೋಗುತ್ತಾರೆ. ಆರ್ಕೆಸ್ಟ್ರಾದಲ್ಲಿ ಹಾಡಿದವರಿಗೆ ಇನ್ನೊಂದು ತೊಡಕೂ ಇದೆ. ಅಲ್ಲಿ ಕೀಬೋರ್ಡು, ರಿದಮ್ ಪ್ಯಾಡು, ಪ್ರತಿಧ್ವನಿ ಬೆರೆಸುವ ಧ್ವನಿಯಂತ್ರ ಎಲ್ಲವೂ ಹಾಡುಗಾರನನ್ನು ಹೊತ್ತುಕೊಂಡು ಹೋಗುತ್ತವೆ. ಇಲ್ಲಿ ಪಕ್ಕವಾದ್ಯಕ್ಕೆ ಇಬ್ಬರೇ, ಒಂದು ಹಾರ್ಮೋನಿಯಂ, ಒಂದು ತಬಲ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕೊನೆಯ ಸಾಲಿನವರೆಗೆ ಕೇಳುತ್ತದೆ.

ನನ್ನನ್ನು ಕೇಳಿದರೆ ನೀವು ಶಾಸ್ತ್ರೀಯಕ್ಕೆ ನಿಲ್ಲಿ. ಸುಗಮ ಸಂಗೀತ ಸುಲಭವೆಂಬ ಕಾರಣಕ್ಕೆ ಅಲ್ಲಿ ಗುಂಪು ಹೆಚ್ಚು, ಮತ್ತು ಅದು ಸುಲಭವೂ ಅಲ್ಲ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ ಇವರ ದನಿ ಕೇಳಿ ಬೆಳೆದ ತೀರ್ಪುಗಾರರು ಕವಿತೆಯ ಅರ್ಥ ಹಾಡುವವನಿಗೆ ಆಗಿದೆಯೇ ಎಂಬುದನ್ನು ಮೊದಲ ಸಾಲಿಗೇ ಹಿಡಿದುಬಿಡುತ್ತಾರೆ.

ಶಾಸ್ತ್ರೀಯದಲ್ಲಿ ನಿಮಗೆ ಸಿಗುವುದು ಹತ್ತು ನಿಮಿಷ. ಈ ಹತ್ತು ನಿಮಿಷವನ್ನು ಒಂದು ಗಂಟೆಯ ಕಛೇರಿಯನ್ನು ಹಿಂಡಿ ಮಾಡಿದ್ದೆಂದು ತಿಳಿದವರೇ ಹೆಚ್ಚಾಗಿ ಸೋಲುವುದು. ತೋಡಿಯನ್ನೋ ಭೈರವಿಯನ್ನೋ ಎತ್ತಿಕೊಂಡು, ರಾಗದ ಮುಖ ಕಾಣಿಸುವಷ್ಟರಲ್ಲಿ ನಾಲ್ಕು ನಿಮಿಷ ಕಳೆದು, ಕೀರ್ತನೆಯ ಚರಣದ ನಡುವೆ ಗಂಟೆ ಬಾರಿಸಿಕೊಂಡ ಒಳ್ಳೆಯ ಹಾಡುಗಾರರನ್ನು ಬಹಳ ಕಂಡಿದ್ದೇನೆ. ಮೋಹನ, ಹಂಸಧ್ವನಿ, ಹಿಂದೋಳದಂಥ, ಎರಡು ಸಂಚಾರದಲ್ಲೇ ಗುರುತು ಸಿಗುವ ರಾಗವನ್ನು ಆರಿಸಿಕೊಳ್ಳಿ. ಆಲಾಪನೆಗೆ ಎರಡು ನಿಮಿಷ ಸಾಕು. ಕೆಳ ಪಂಚಮದಿಂದ, ಪಂಚಮವಿಲ್ಲದ ಹಿಂದೋಳವಾದರೆ ಕೆಳ ಧೈವತದಿಂದ, ಮೇಲಿನ ಗಾಂಧಾರದವರೆಗೆ ಒಮ್ಮೆ ಹೋಗಿ ಬಂದರೆ ನಿಮ್ಮ ಕಂಠ ಎಷ್ಟು ದೂರದ್ದು ಎಂಬುದು ತಿಳಿಯುತ್ತದೆ. ಮಧ್ಯಮ ಕಾಲದ, ಆದಿ ತಾಳದ, ಸಂಗತಿಗಳು (ಒಂದೇ ಸಾಲನ್ನು ಬೆಳೆಸಿ ಬೆಳೆಸಿ ಹಾಡುವ ಬಗೆಗಳು) ಹೆಚ್ಚಿಲ್ಲದ ಒಂದು ಕೀರ್ತನೆಗೆ ಐದು ನಿಮಿಷ. ಉಳಿದದ್ದು ಕಲ್ಪನಾಸ್ವರಕ್ಕೆ, ಎಂದರೆ ಆ ಕ್ಷಣದಲ್ಲೇ ಕಟ್ಟಿ ಹಾಡುವ ಸ್ವರಗಳಿಗೆ, ಅದೂ ಬರೆದು ಬಾಯಿಪಾಠ ಮಾಡಿದ್ದಲ್ಲ. ಬಾಯಿಪಾಠದ ಸ್ವರ ಮೃದಂಗದವನ ಕಡೆ ನೋಡುವುದಿಲ್ಲ, ಎದುರಿನ ಗೋಡೆಯನ್ನು ನೋಡುತ್ತದೆ. ತೀರ್ಪುಗಾರರ ಸಾಲಿನಲ್ಲಿ ಕೂತಾಗ ನನಗೆ ಇದು ಪ್ರತಿ ಸಲವೂ ಕಂಡಿದೆ. ಎಡುಪ್ಪಿಗೆ, ಎಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ಸೇರುವ ಸಣ್ಣ ಸ್ವರಗಳು ನಾಲ್ಕು ಆವರ್ತ ಸಾಕು. ಗಡಿಯಾರವನ್ನು ಎದುರಿಗೆ ಇಟ್ಟುಕೊಂಡು, ನಿಂತಲ್ಲ, ಕುಳಿತು, ವೇದಿಕೆಯಲ್ಲಿ ಹೇಗೋ ಹಾಗೆಯೇ, ದಿನಕ್ಕೆರಡು ಸಲ ಹದಿನೈದು ದಿನ ಹಾಡಿ ನೋಡಿ. ಮೃದಂಗದವರನ್ನು ಸ್ಪರ್ಧೆಯ ಹಿಂದಿನ ದಿನ ಹುಡುಕುವುದು ಬೇಡ.

ಆರ್ಕೆಸ್ಟ್ರಾವನ್ನು ಬಿಡಬೇಕಿಲ್ಲ. ಅದರಿಂದ ಸಿಗುವ ಹಣದಿಂದ ಶುಲ್ಕ ಕಟ್ಟಿಕೊಂಡ ವಿದ್ಯಾರ್ಥಿಗಳಿದ್ದಾರೆ. ಸ್ಪರ್ಧೆಯ ಹಿಂದಿನ ವಾರ ಮಾತ್ರ ರಾತ್ರಿಯ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳಬೇಡಿ.

*ನನಗೆ 26 ವರ್ಷ. ಎರಡು ವರ್ಷ ಕೆಲಸ ಮಾಡಿ ಈಗ ಎಂ.ಎ.ಗೆ ಸೇರಿದ್ದೇನೆ. ವಿಶ್ವವಿದ್ಯಾನಿಲಯದ ಅಥ್ಲೆಟಿಕ್ಸ್ ತಂಡದ ಆಯ್ಕೆಗೆ ಹೋಗಬಹುದೇ?*
— ಹಾಸನ

ಇಲ್ಲ. ಅಂತರ ವಿಶ್ವವಿದ್ಯಾನಿಲಯ ಕ್ರೀಡೆಗಳಿಗೆ ಆ ಶೈಕ್ಷಣಿಕ ವರ್ಷದ ಜುಲೈ 1ಕ್ಕೆ 25 ದಾಟಿರಬಾರದು. ರಾಜ್ಯ ಮಟ್ಟದ ಮುಕ್ತ ಕೂಟಗಳ ಹಿರಿಯರ ವಿಭಾಗದಲ್ಲಿ ಓಡಿ. ವಿಭಾಗಗಳ ನಡುವಿನ ಆಟೋಟಕ್ಕೆ ನಿಮ್ಮನ್ನು ಯಾರೂ ತಡೆಯುವುದಿಲ್ಲ.

*ಮಗ ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರಿನಲ್ಲಿದ್ದಾನೆ. ಒಳ್ಳೆಯ ಆಫ್ ಸ್ಪಿನ್ನರ್ ಎಂದು ತರಬೇತುದಾರರು ಹೇಳುತ್ತಾರೆ. ಎರಡು ವರ್ಷ ಓದು ನಿಲ್ಲಿಸಿ ಕ್ರಿಕೆಟ್ ಮಾತ್ರ ಆಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಏನು ಹೇಳಲಿ?*
— ಒಬ್ಬ ತಂದೆ, ಮಂಡ್ಯ

ಆಫ್ ಸ್ಪಿನ್ನರ್ ಎಂದಿರಿ, ಹಾಗಾಗಿ ಇ.ಎ.ಎಸ್. ಪ್ರಸನ್ನ ಅವರನ್ನೇ ನೆನಪಿಸುತ್ತೇನೆ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿ ಬಂದವರು, ಬಳಿಕ ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನ ಓದನ್ನು ಮುಗಿಸಲೆಂದು ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ದೂರ ಉಳಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಆಟ ಅವರಿಗಾಗಿ ಕಾದಿತ್ತು ಎನ್ನಲಾರೆ, ಆಟ ಯಾರಿಗಾಗಿಯೂ ಕಾಯುವುದಿಲ್ಲ. ಬೆರಳಿನಲ್ಲಿ ಕಸುಬು ಉಳಿದಿತ್ತು. 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಅನಿಲ್ ಕುಂಬ್ಳೆ ಇನ್ನೊಂದು ದಾರಿ ಹಿಡಿದರು. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಪದವಿಯನ್ನೂ ಮುಗಿಸಿದರು. ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನವರು.

ಈ ಮೂವರ ಹೆಸರು ಹೇಳಿ ಮಗನನ್ನು ಒಪ್ಪಿಸುವುದು ನನಗೆ ಅಷ್ಟು ಇಷ್ಟವಿಲ್ಲ, ಏಕೆಂದರೆ ಎರಡನ್ನೂ ಮಾಡಲು ಹೋಗಿ ಎರಡೂ ಕೈಬಿಟ್ಟವರ ಹೆಸರನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಅವನಿಗೆ ಹೇಳಬೇಕಾದ ಮಾತು ಬೇರೆಯೇ ಇದೆ. ಓದು ನಿಲ್ಲಿಸಿದ ದಿನವೇ ಅವನು ವಿಶ್ವವಿದ್ಯಾನಿಲಯದ ತಂಡಕ್ಕೆ ಅನರ್ಹನಾಗುತ್ತಾನೆ. ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗೆ ಮಾತ್ರ ಅಲ್ಲಿ ಜಾಗ. 1935ರಿಂದ ನಡೆದುಬಂದಿರುವ ರೋಹಿಂಟನ್ ಬಾರಿಯಾ ಟ್ರೋಫಿಯ ಅಂತರ ವಿಶ್ವವಿದ್ಯಾನಿಲಯ ಕ್ರಿಕೆಟ್ ಇಂದು ಮೊದಲಿನಷ್ಟು ಸುದ್ದಿ ಮಾಡದಿರಬಹುದು. ಆದರೂ ಕ್ಲಬ್ಬಿನ ಲೀಗ್ ಪಂದ್ಯಗಳಲ್ಲಿ ಇನ್ನೂ ಹೆಸರು ಮಾಡದ ಸ್ಪಿನ್ನರಿಗೆ ಒಂದೇ ದಿನದಲ್ಲಿ ಇಪ್ಪತ್ತು ಓವರ್ ಬೌಲಿಂಗ್ ಮಾಡುವ ಅವಕಾಶ ಎಲ್ಲಿ ಸಿಗುತ್ತದೆ ಎಂದು ಅವನನ್ನೇ ಕೇಳಿ. ಎರಡು ವರ್ಷ ಬಿಡುವ ಬದಲು, ಈ ಎರಡು ಸೆಮಿಸ್ಟರಿನಲ್ಲಿ ಬಾಕಿ ವಿಷಯ ಉಳಿಸಿಕೊಳ್ಳದೆ ಆಡಿ ತೋರಿಸಲಿ ಎಂದು ಷರತ್ತು ಹಾಕಿ, ನಿಮ್ಮ ಕಡೆಯಿಂದ ಬೆಳಗಿನ ನೆಟ್ ಅಭ್ಯಾಸಕ್ಕೆ ಹೋಗಿ ಬರುವ ಖರ್ಚು ಒಪ್ಪಿಕೊಳ್ಳಿ. ಷರತ್ತು ಒಂದೇ ಕಡೆಗೆ ಇದ್ದರೆ ಅದು ಬೈಗುಳದ ಹಾಗೆ ಕೇಳಿಸುತ್ತದೆ.

*ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿದ್ದೇನೆ. ನನ್ನ ಕೋಣೆಯ ಗೆಳೆಯ ಬೆಳಗ್ಗೆ ಐದಕ್ಕೆ ಎದ್ದು ಪಿಟೀಲು ಸಾಧನೆ ಮಾಡುತ್ತಾನೆ. ಒಳ್ಳೆಯವನು, ಜಗಳವಾಡಲು ಮನಸ್ಸಿಲ್ಲ. ನಿದ್ದೆಯೂ ಇಲ್ಲ.*
— ಎಂ.ಎಸ್ಸಿ. ವಿದ್ಯಾರ್ಥಿ

ಮೈಕು ಸರಿಯಾಗಿಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ಕೇಳಲಿ ಎಂದು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದು ಇದೇ ಮೈಸೂರಿನಲ್ಲಿ. ನಿಮ್ಮ ಗೆಳೆಯ ನಾಲ್ಕರಲ್ಲೇ ನಿಲ್ಲಿಸಿದ್ದಾನೆಂದು ಸಮಾಧಾನ ಪಡಿ. ತಮಾಷೆ ಬಿಡಿ, ಪಿಟೀಲಿನ ಕುದುರೆಗೆ ಸಿಕ್ಕಿಸುವ ಮ್ಯೂಟ್ ಎಂಬ ಸಣ್ಣ ರಬ್ಬರು ತುಂಡು ಸಂಗೀತ ವಾದ್ಯಗಳ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಬಹಳ ಇಲ್ಲ. ನೀವೇ ತಂದುಕೊಟ್ಟರೆ ಅದು ದೂರಾಗುವುದಿಲ್ಲ, ಉಡುಗೊರೆಯಾಗುತ್ತದೆ. ಬೇಸಗೆಯಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೂತು ನುಡಿಸುವುದೂ ಉಂಟು. ಮಳೆಗಾಲದ ತಂಪಿನಲ್ಲಿ ಮಾತ್ರ ಅದು ಬೇಡ, ಅಂಟು ಬಿಟ್ಟುಕೊಂಡು ಪಿಟೀಲು ಹಾಳಾಗುತ್ತದೆ.

*ಮಾನಸಗಂಗೋತ್ರಿಯ ಮೈದಾನದಲ್ಲಿ ರಣಜಿ ಫೈನಲ್ ನಡೆದಿತ್ತೆಂದು ನಮ್ಮ ಅಧ್ಯಾಪಕರು ಹೇಳಿದರು. ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಫೈನಲ್ ನಡೆಯುವುದು ನಿಜವೇ?*
— ಪದವಿ ವಿದ್ಯಾರ್ಥಿನಿ, ಹುಣಸೂರು

ನಿಜ. 2010ರ ಜನವರಿ 11ರಿಂದ 14ರವರೆಗೆ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕಕ್ಕೂ ಮುಂಬೈಗೂ ಫೈನಲ್ ನಡೆಯಿತು. ಕ್ರೀಡಾಂಗಣ ಎಂದರೆ ನೀವು ಕಲ್ಪಿಸಿಕೊಳ್ಳುವ ಎತ್ತರದ ಗ್ಯಾಲರಿಗಳು ಅಲ್ಲಿಲ್ಲ. ಸುತ್ತ ಮರಗಳು, ಇಳಿಜಾರಿನ ಹುಲ್ಲು, ಹಗ್ಗದಾಚೆಗೆ ಜನ. ಹಾಸ್ಟೆಲಿನಿಂದ ನಡೆದುಕೊಂಡು ಬಂದ ವಿದ್ಯಾರ್ಥಿಗಳೇ ಬಹುಪಾಲು. ನಮ್ಮವರು ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಮುಗಿಸಿ ಮಾನ ಕಳೆದಿದ್ದರು. ಗೆಲ್ಲಲು 338 ಬೇಕಾದಾಗ ಯಾರಿಗೂ ಆಸೆ ಇರಲಿಲ್ಲ. ಮನೀಶ್ ಪಾಂಡೆ 144 ಹೊಡೆದರು. ಆ ದಿನ ಪಾಠ ಮಾಡಿದವರೂ ಇರಲಿಲ್ಲ, ಕೇಳಿದವರೂ ಇರಲಿಲ್ಲ. ಹಾಜರಾತಿಯ ಬಗ್ಗೆ ಇಷ್ಟು ಬರೆಯುತ್ತಿರುವ ನಾನೂ ತರಗತಿಗೆ ಬೀಗ ಹಾಕಿ ಹುಲ್ಲಿನ ಮೇಲೆ ಕೂತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಕರ್ನಾಟಕ 331ಕ್ಕೆ ಆಲೌಟಾಯಿತು. ಆರು ರನ್. ಕೊನೆಯ ವಿಕೆಟ್ ಬಿದ್ದ ಮೇಲೆ ಜನ ಎದ್ದು ಹೋಗಲು ಬಹಳ ಹೊತ್ತು ಹಿಡಿಯಿತು.

ಮಾನಸಗಂಗೋತ್ರಿ ಎಂಬ ಹೆಸರಿಟ್ಟವರು ಕುವೆಂಪು. 1956ರಿಂದ 1960ರವರೆಗೆ ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡ ಆವರಣ ಅದು. ಅದೇ ಆವರಣದ ಬಯಲು ರಂಗಮಂದಿರದಲ್ಲಿ ಈಗ ದಸರೆಗೆ ಮುಂಚೆ 'ಯುವ ಸಂಭ್ರಮ' ನಡೆಯುತ್ತದೆ. ಬೇರೆ ಬೇರೆ ಜಿಲ್ಲೆಗಳ ಕಾಲೇಜು ತಂಡಗಳು ಕೆಲವೇ ನಿಮಿಷಗಳ ನೃತ್ಯರೂಪಕಗಳನ್ನು ತರುತ್ತವೆ. ಧ್ವನಿಮುದ್ರಿತ ಹಾಡುಗಳ ತುಣುಕುಗಳನ್ನು ಅಂಟಿಸಿ ಕುಣಿಯುವುದೇ ಹೆಚ್ಚಾಗಿದೆ, ನೇರವಾಗಿ ಹಾಡುವ, ತಮಟೆ ಬಾರಿಸುವ ತಂಡ ಬಂದರೆ ಸಭೆ ಒಮ್ಮೆಲೇ ಬೇರೆ ರೀತಿ ಕೂಗುತ್ತದೆ. ಈ ವರ್ಷ ಹೋದರೆ ಗಮನಿಸಿ.

*ನಮ್ಮ ಕಾಲೇಜಿನಲ್ಲಿ ಹಾರ್ಮೋನಿಯಂ, ತಬಲ, ಡೋಲು ಎಲ್ಲ ಇವೆಯಂತೆ. ಎಲ್ಲವೂ ಬೀರುವಿನಲ್ಲಿ ಬೀಗ ಹಾಕಿಕೊಂಡಿವೆ, ಕಾಲೇಜು ವಾರ್ಷಿಕೋತ್ಸವಕ್ಕೆ ಮಾತ್ರ ಹೊರಗೆ ಬರುತ್ತವೆ. ಮೈದಾನ ಇದೆ, ವಾಲಿಬಾಲ್ ನೆಟ್ ಕಟ್ಟಲು ಬಿಡುವುದಿಲ್ಲ. ಯಾರನ್ನು ಕೇಳಬೇಕು?*
— ಬಿ.ಎ. ವಿದ್ಯಾರ್ಥಿನಿಯರು, ಚಾಮರಾಜನಗರ ಜಿಲ್ಲೆ

ನಿಮ್ಮ ಪ್ರವೇಶದ ದಿನ ಕೊಟ್ಟ ಶುಲ್ಕದ ರಸೀದಿಯನ್ನು ತೆಗೆದು ನೋಡಿ. ಅದರಲ್ಲಿ ಕ್ರೀಡಾ ಶುಲ್ಕ, ಸಾಂಸ್ಕೃತಿಕ ಚಟುವಟಿಕೆ ಎಂಬಂಥ ಸಾಲುಗಳಿದ್ದರೆ, ನೆಟ್ಟಿಗೂ ತಬಲಕ್ಕೂ ನೀವು ಹಣ ಕಟ್ಟಿ ಆಗಿದೆ. ರಸೀದಿಯ ಪ್ರತಿಯನ್ನು ಲಗತ್ತಿಸಿ, ಮೂವತ್ತು ಜನ ಸಹಿ ಹಾಕಿ, ವಾರಕ್ಕೆ ಮೂರು ದಿನ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಎಂದು ಸಮಯವನ್ನು ನೀವೇ ಸೂಚಿಸಿ ಪ್ರಾಂಶುಪಾಲರಿಗೆ ಪತ್ರ ಕೊಡಿ. 'ಅವಕಾಶ ಮಾಡಿಕೊಡಬೇಕು' ಎಂದಷ್ಟೇ ಬರೆದರೆ ಪತ್ರ ಸಮಿತಿಗೆ ಹೋಗುತ್ತದೆ, ಸಮಿತಿ ಮುಂದಿನ ವರ್ಷ ಸೇರುತ್ತದೆ. ದಿನ, ಹೊತ್ತು, ಜವಾಬ್ದಾರಿ ಹೊರುವ ಇಬ್ಬರು ವಿದ್ಯಾರ್ಥಿನಿಯರ ಹೆಸರು ಇದ್ದರೆ ಇಲ್ಲವೆನ್ನಲು ಕಾರಣ ಹುಡುಕಬೇಕಾಗುತ್ತದೆ.

ನಿಜವಾದ ಭಯ ಸಾಮಾನ್ಯವಾಗಿ ವಸ್ತು ಹಾಳಾದರೆ ದಾಸ್ತಾನು ಪುಸ್ತಕಕ್ಕೆ ಯಾರು ಉತ್ತರ ಹೇಳಬೇಕು ಎಂಬುದು. ಆದ್ದರಿಂದ ಒಂದು ನೋಟ್‌ಬುಕ್ ಇಟ್ಟು, ತೆಗೆದುಕೊಂಡ ಹೊತ್ತು, ಮರಳಿಸಿದ ಹೊತ್ತು, ಸಹಿ ಬರೆಯುತ್ತೇವೆಂದು ಪತ್ರದಲ್ಲಿಯೇ ತಿಳಿಸಿ. ಬೀಗದ ಕೈ ಯಾವಾಗಲೂ ಪ್ರಾಂಶುಪಾಲರ ಬಳಿ ಇರುವುದಿಲ್ಲ, ಅಟೆಂಡರ್ ಅವರ ಬಳಿ ಇರುತ್ತದೆ. ಅವರನ್ನು ಮೊದಲೇ ಮಾತನಾಡಿಸಿಕೊಳ್ಳಿ, ಅವರು ಮನೆಗೆ ಹೊರಡುವ ಹೊತ್ತಿಗೆ ಹದಿನೈದು ನಿಮಿಷ ಮುಂಚೆಯೇ ಎಲ್ಲವನ್ನೂ ಒಳಗೆ ಇಟ್ಟುಬಿಡಿ.

ಬೀರು ತೆರೆದ ಮೊದಲ ದಿನ ಹಾಡಲು ಕೂರಬೇಡಿ. ವರ್ಷಗಟ್ಟಲೆ ಮುಚ್ಚಿಟ್ಟ ಹಾರ್ಮೋನಿಯಂನ ತಿದಿಯಲ್ಲಿ ಇಲಿ ತೂತು ಮಾಡಿರುತ್ತದೆ, ತಬಲದ ಚರ್ಮ ತೇವಕ್ಕೆ ಸಡಿಲಾಗಿರುತ್ತದೆ. ತಿದಿಯನ್ನು ಒತ್ತಿ ಹಿಡಿದು ಗಾಳಿ ಎಲ್ಲಿಂದ ಸೋರುತ್ತದೆಂದು ಕಿವಿಗೊಟ್ಟು ಕೇಳಿ, ಹಾರ್ಮೋನಿಯಂನ ಒಂದೊಂದೇ ಮನೆ (ಸ್ವರದ ಕೀಲಿ) ಒತ್ತಿ ಯಾವುದು ಮೂಕವಾಗಿದೆ ಎಂದು ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನೂ ದುರಸ್ತಿಯ ಅಂದಾಜು ಖರ್ಚನ್ನೂ ಎರಡನೆಯ ಪತ್ರದಲ್ಲಿ ಬರೆದು ಕಳಿಸಿ.